ಮಧ್ಯದ ಗೋಡೆ ಇಬ್ಬರದ್ದೂ ಆಗಿದ್ದರೆ, ಮನೆ ಕೆಡವಿ ಕಟ್ಟುವ ಪಕ್ಕದವರ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾ?

ಹಳೇ ಮನೆ, ಪಕ್ಕದವರ ಜೊತೆ ಜಂಟಿ ಗೋಡೆ. ಅವರು ತಮ್ಮ ಭಾಗ ಕೆಡವಿ ಹೊಸದು ಕಟ್ಟುತ್ತಾರೆ. ‘ನಮ್ಮ ಅಭ್ಯಂತರ ಇಲ್ಲ’ ಅನ್ನುವ ಕಾಗದಕ್ಕೆ ನಿಮ್ಮ ಸಹಿ ಬೇಕು. ಷರತ್ತು ಹಾಕಿದರೆ ಸಂಬಂಧ ಕೆಡುತ್ತದೆ ಅಂತ ನಿಮಗೆ ಹೆದರಿಕೆ. ನೀವು ಬರೆದು ಕೇಳಿರುವುದು ಇಷ್ಟೇ ಅಲ್ವಾ? ನಾನೂ ಇದೇ ಹೆದರಿಕೆಗೆ ಸಹಿ ಹಾಕಿದವಳು.

ನಮ್ಮ ತಂದೆಯ ಮನೆ ಇರುವುದು ಮೈಸೂರಿನ ಅಗ್ರಹಾರದ ಕಡೆ. ಎರಡೂ ಮನೆಗೆ ಮದ್ರಾಸ್ ತಾರಸಿ. ಗೋಡೆಯಿಂದ ಗೋಡೆಗೆ ಮರದ ತೊಲೆ, ಅದರ ಮೇಲೆ ಜಂತೆ, ಜಂತೆಯ ಮೇಲೆ ನಿಲ್ಲಿಸಿ ಜೋಡಿಸಿದ ತೆಳು ಇಟ್ಟಿಗೆ, ಮೇಲೆ ಸುಣ್ಣದ ಗಾರೆ. ಮಧ್ಯದ ಗೋಡೆ ಇಟ್ಟಿಗೆಯದ್ದು, ಒಂದೂವರೆ ಅಡಿ ದಪ್ಪ, ಒಳಗೆಲ್ಲ ಬರೀ ಮಣ್ಣು. ಅವರ ತೊಲೆಗಳೂ ಅದರ ಮೇಲೆ, ನಮ್ಮವೂ ಅದರ ಮೇಲೆ. ಕಟ್ಟಿದಾಗಿನಿಂದ ಆ ಗೋಡೆಗೆ ಒಂದು ಹನಿ ಮಳೆ ಬಿದ್ದಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಪಕ್ಕದ ಮನೆ ಹುಡುಗ ನಮ್ಮ ಕಣ್ಣೆದುರೇ ಬೆಳೆದವನು. ನಕ್ಷೆ ಹಿಡಿದು ಬಂದ. “ಅಕ್ಕಾ, ನಿಮ್ಮ ಗೋಡೆ ಕೆಡವಲ್ಲ. ನಮ್ಮ ಕಡೆ ಪಿಲ್ಲರ್ ಹಾಕ್ಕೋತೀವಿ. ಪಿಲ್ಲರ್ ಬುಡದ ಫೂಟಿಂಗ್ ಮಾತ್ರ ಒಂದು ಅರ್ಧ ಅಡಿ ನಿಮ್ಮ ಕಡೆ ಬರುತ್ತೆ, ನೆಲದ ಕೆಳಗೆ. ಒಂದು ಸೈನ್ ಹಾಕ್ಬಿಡಿ” ಅಂದ. ಅಮ್ಮ ಕಾಫಿ ತಂದುಕೊಟ್ಟು, “ಹಾಕಮ್ಮ, ನಮ್ಮ ಹುಡುಗ ತಾನೆ” ಅಂದರು.

ನಾನು ಕಣ್ಣು ಮುಚ್ಚಿಕೊಂಡು ಸಹಿ ಹಾಕಲಿಲ್ಲ. ನಕ್ಷೆಯನ್ನು ಚೆನ್ನಾಗಿ ನೋಡಿದೆ. ಅವರ ಕಿಟಕಿ ನಮ್ಮ ಹಿತ್ತಲಿಗೆ ತೆರೆಯುತ್ತದಾ, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ, ತಾರಸಿ ನೀರಿನ ಪೈಪು ಯಾವ ಕಡೆ, ಎಲ್ಲಾ ಕೇಳಿದೆ. ಎಲ್ಲದಕ್ಕೂ ಸರಿಯಾದ ಉತ್ತರ ಇತ್ತು. ಅಲ್ಲೇ ನಾನು ಎಡವಿದ್ದು. ನಕ್ಷೆಯಲ್ಲಿ ಇರುವುದು ಮುಗಿದ ಮನೆ. ಕೆಡವಿದ ದಿನದಿಂದ ಕಟ್ಟಿ ಮುಗಿಯುವ ದಿನದವರೆಗೆ ಆ ಗೋಡೆಯ ಗತಿ ಏನು ಅನ್ನುವುದು ಯಾವ ನಕ್ಷೆಯಲ್ಲೂ ಇರುವುದಿಲ್ಲ. ನಾನೂ ಕೇಳಲಿಲ್ಲ, ಅವನಿಗೂ ಹೊಳೆದಿರಲಿಲ್ಲ. ಅವನ ಇಂಜಿನಿಯರ್‌ಗೆ ಹೊಳೆಯಬೇಕಿತ್ತು, ಆದರೆ ಆ ಮನುಷ್ಯ ನಮ್ಮ ಮನೆಯೊಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ.

ಏಪ್ರಿಲ್‌ನಲ್ಲಿ ಕೆಡವಿದರು. ಕೈಯಲ್ಲಿ ಬಿಚ್ಚುತ್ತಾರೆ ಅಂದುಕೊಂಡಿದ್ದೆ, ಬ್ರೇಕರ್ ಮೆಷಿನ್ ತಂದರು. ನಮ್ಮ ಅಡುಗೆಮನೆ ಶೆಲ್ಫಿನ ಡಬ್ಬಿಗಳು ನಡೆದಾಡುತ್ತಿದ್ದವು. ತೊಲೆಗಳನ್ನು ಎಳೆದು ಹಾಕಿದರು. ತೊಲೆ ಇದ್ದ ಕಡೆಯೆಲ್ಲ ಗೋಡೆಯಲ್ಲಿ ಪಾರಿವಾಳ ಕೂರುವಷ್ಟು ತೂತು. ಅಷ್ಟು ವರ್ಷ ಎರಡೂ ಕಡೆಯಿಂದ ತೊಲೆ ಹಿಡಿದುಕೊಂಡಿದ್ದ ಗೋಡೆಗೆ ಈಗ ಒಂದೇ ಕಡೆ ಆಸರೆ. ಆಮೇಲೆ ಪಾಯಕ್ಕೆ ಅಗೆದರು, ಗೋಡೆಯ ಉದ್ದಕ್ಕೂ ಒಂದೇ ಸಲಕ್ಕೆ.

ಮೈಸೂರಿನವರಿಗೆ ಗೊತ್ತು, ನಮಗೆ ಜೂನ್-ಜುಲೈಗಿಂತ ಮೇ ತಿಂಗಳ ಗುಡುಗು ಮಳೆ ಮತ್ತು ದಸರಾ ಹೊತ್ತಿನ ಮಳೆಯೇ ಜೋರು. ಮೇ ಮಳೆ ನೇರ ಆ ಬೋಳು ಗೋಡೆಗೆ ಬಡಿಯಿತು. ಹುಡುಗನಿಗೂ ಅವನ ಕಂಟ್ರಾಕ್ಟರ್‌ಗೂ ದುಡ್ಡಿನ ಜಗಳವಾಗಿ ಕೆಲಸ ನಿಂತಿತು. ದಸರಾ ಮಳೆಗೂ ಗೋಡೆ ಹಾಗೇ ನಿಂತಿತ್ತು. ಮುಂದಿನ ಮೇ ತಿಂಗಳಿಗೂ.

ಒಳಗೆ ದೇವರ ಮನೆಯ ಗಾರೆ ಉಬ್ಬಿ ಉದುರಿತು. ಸ್ವಿಚ್ ಬೋರ್ಡ್ ಮುಟ್ಟಿದರೆ ಜುಮ್ ಅನ್ನುತ್ತಿತ್ತು. ಬೀರುವಿನಲ್ಲಿದ್ದ ಅಮ್ಮನ ಸೀರೆಗಳಿಗೆ ಬೂಷ್ಟು. ನಮ್ಮ ತೊಲೆಗಳ ತುದಿ ಕಪ್ಪಾಗಿ, ಒಂದು ತೊಲೆ ಉಗುರಲ್ಲಿ ಒತ್ತಿದರೆ ಒಳಗೆ ಹೋಗುವಷ್ಟು ಮೆತ್ತಗಾಗಿತ್ತು. ಬಾಗಿಲ ಮೇಲಿನಿಂದ ಸೂರಿನವರೆಗೆ ಓರೆಯಾಗಿ ಬಿರುಕು. ಅವನನ್ನು ಕರೆದು ತೋರಿಸಿದೆ. “ಅಕ್ಕಾ, ಇದು ಮೊದಲೇ ಇತ್ತಲ್ವಾ?” ಅಂದ. ಸುಳ್ಳು ಹೇಳುವ ಹುಡುಗ ಅಲ್ಲ. ಅಲ್ಲೊಂದು ಸಣ್ಣ ಬಿರುಕು ಇದ್ದದ್ದು ನಿಜ. ಎಷ್ಟಿತ್ತು? ನನ್ನ ಹತ್ತಿರ ಒಂದು ಫೋಟೋ ಇರಲಿಲ್ಲ.

ಪಾಪ, ಅವನು ತನ್ನ ಕಡೆಯಿಂದ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದ. ಅದರಿಂದ ಇನ್ನೂ ಹಾಳಾಯಿತು. ಮಣ್ಣು-ಸುಣ್ಣದ ಗೋಡೆ ಉಸಿರಾಡಬೇಕು. ನೆನೆದ ಗೋಡೆಗೆ ಸಿಮೆಂಟ್ ಬಳಿದರೆ ತೇವ ಹೊರಗೆ ಹೋಗಲಾಗದೆ ನಮ್ಮ ಕಡೆಗೇ ಬರುತ್ತದೆ.

ಸಿಟ್ಟಿಗೆ ವಕೀಲರ ಹತ್ತಿರ ಹೋಗಿ, ಒಪ್ಪಿಗೆ ವಾಪಸ್ ತಗೋತೀನಿ ಅಂದೆ. ಅವರು 1882ರ ಈಸ್‌ಮೆಂಟ್ಸ್ ಕಾನೂನಿನ, ಅಂದರೆ ಇನ್ನೊಬ್ಬರ ಜಾಗ ಬಳಸುವ ಹಕ್ಕಿನ ಕಾನೂನಿನ, 60ನೇ ಸೆಕ್ಷನ್ ತೆಗೆದು ತೋರಿಸಿದರು. ನಿಮ್ಮ ಅನುಮತಿ ನಂಬಿ ಒಬ್ಬರು ಖರ್ಚು ಮಾಡಿ ನಿಮ್ಮ ಜಾಗದಲ್ಲಿ ಶಾಶ್ವತವಾದ ಕೆಲಸ ಮಾಡಿದ ಮೇಲೆ ಆ ಅನುಮತಿಯನ್ನು ಹಿಂದಕ್ಕೆ ತಗೊಳ್ಳೋಕೆ ಆಗುವುದಿಲ್ಲ. ನಮ್ಮ ನೆಲದ ಕೆಳಗೆ ಬಂದಿದ್ದ ಫೂಟಿಂಗ್ ಅಂಥದ್ದೇ. ನಷ್ಟ ಪರಿಹಾರ ಕೇಳಬಹುದು, ಕೋರ್ಟ್ ಕಮಿಷನರ್ ಬಂದು ನೋಡಿ ವರದಿ ಕೊಡಬಹುದು. ಆದರೆ ಕಮಿಷನರ್ ನೋಡುವುದು ಇವತ್ತಿನ ಗೋಡೆಯನ್ನು. ಹಿಂದೆ ಹೇಗಿತ್ತು ಅಂತ ತೋರಿಸಬೇಕಾದವಳು ನಾನು. ಕೇಸು ಹಾಕಲಿಲ್ಲ. ಜಾಕಿ ಕೊಟ್ಟು ಸೂರು ಎತ್ತಿ, ತೊಲೆ ಬದಲಾಯಿಸಿ, ಗಾರೆ ಕೆತ್ತಿ ಸುಣ್ಣದ ಗಾರೆ ಮಾಡಿಸಿದೆವು. ಹೆಚ್ಚಿನ ದುಡ್ಡು ನಮ್ಮದೇ. ಅವನ ಮನೆ ಗೃಹಪ್ರವೇಶಕ್ಕೆ ಅಮ್ಮ ಹೋದರು, ನಾನು ಹೋಗಲಿಲ್ಲ.

ಈಗ ನಿಮ್ಮ ವಿಷಯ. ಸಹಿ ಹಾಕಲಾ ಬೇಡವಾ ಅಂತ ಕೇಳಿದ್ದೀರಿ. ನನ್ನ ಪ್ರಕಾರ ಪ್ರಶ್ನೆಯೇ ಸರಿ ಇಲ್ಲ. ಸ್ವಂತ ಜಾಗದಲ್ಲಿ ನಿಯಮದಂತೆ ಕಟ್ಟಿಕೊಳ್ಳುವುದಕ್ಕೆ ಸಾಮಾನ್ಯವಾಗಿ ಯಾರಿಗೂ ಪಕ್ಕದವರ ಅಪ್ಪಣೆ ಬೇಕಿಲ್ಲ. ನಿಮ್ಮ ಪಕ್ಕದವರಿಗೆ ಬೇಕಾಗಿರುವುದು ಆ ಗೋಡೆ. ನೀವು ಸಹಿ ಹಾಕದಿದ್ದರೆ ಅವರು ಗೋಡೆಯಿಂದ ಒಂದಡಿ ಬಿಟ್ಟು ಕಟ್ಟಬಹುದು, ಆಗಲೂ ಅವರ ತೊಲೆ ಕೀಳಲೇಬೇಕು, ನಿಮ್ಮ ಗೋಡೆ ಬೋಳಾಗಲೇಬೇಕು. ಸುಮ್ನೆ ‘ಇಲ್ಲ’ ಅಂದು ಕೂತರೆ ನಿಮಗೆ ಸಿಗುವುದು ಬೋಳು ಗೋಡೆ ಮಾತ್ರ. ಸಹಿ ಹಾಕಿ. ಆದರೆ ಅವರು ಬರೆದು ತಂದ ಕಾಗದಕ್ಕಲ್ಲ, ನೀವು ಬರೆದದ್ದಕ್ಕೆ.

ಸಂಬಂಧದ ಬಗ್ಗೆ ಹೇಳಬೇಡಿ. ನಾನು ಒಂದೂ ಷರತ್ತು ಹಾಕಿರಲಿಲ್ಲ. ಈಗಲೂ ಆ ಹುಡುಗ ನಮ್ಮ ಮನೆ ಮುಂದೆ ಫೋನ್ ನೋಡುತ್ತಾ ದಾಟುತ್ತಾನೆ.

ಕಾಗದದಲ್ಲಿ ಮೊದಲು ಬರೆಯಬೇಕಾದ್ದು ಮಧ್ಯದ ಕಾಲದ ಬಗ್ಗೆ. ತೊಲೆ ತೆಗೆದ ದಿನವೇ ತೂತುಗಳನ್ನು ಇಟ್ಟಿಗೆ, ಸುಣ್ಣದ ಗಾರೆಯಿಂದ ತುಂಬಬೇಕು. ಗೋಡೆಗೆ ಓರೆ ಆಸರೆ ಕೊಟ್ಟ ಮೇಲೇ ಅವರ ಅಡ್ಡಗೋಡೆ ಬಿಚ್ಚಬೇಕು. ಗೋಡೆಯ ತಲೆಯಿಂದ ಬುಡದವರೆಗೆ ಟಾರ್ಪಾಲಿನ್, ಮಳೆಗಾಲಕ್ಕೆ ಮೊದಲು ಸುಣ್ಣದ ಗಾರೆ. ಗೋಡೆ ಪಕ್ಕದ ಪಾಯ ಬಿಟ್ಟು ಬಿಟ್ಟು ತುಂಡು ತುಂಡಾಗಿ ಅಗೆಯಬೇಕು, ಒಂದು ತುಂಡು ತುಂಬಿದ ಮೇಲೆ ಇನ್ನೊಂದು. ಗೋಡೆಯ ಹತ್ತಿರ ಬ್ರೇಕರ್ ಬೇಡ, ಉಳಿ-ಸುತ್ತಿಗೆ ಸಾಕು. ಕೆಲಸ ನಿಂತರೂ ಇಷ್ಟೂ ಅವರ ಜವಾಬ್ದಾರಿ ಅಂತ ಬರೆಯಿಸಿ. ಕೆಲಸ ನಿಂತೇ ನಿಲ್ಲುತ್ತದೆ ಅಂದುಕೊಂಡೇ ಬರೆಯಿರಿ. ಇದು ಅತಿಯಾಯಿತು ಅಂತ ಯಾರಾದರೂ ಅಂದರೆ ನಮ್ಮ ಮೈಸೂರಿನ ಹಳೇ ದೇವರಾಜ ಮಾರುಕಟ್ಟೆ ನೆನಪಿಸಿ. 2016ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದದ್ದು ದುರಸ್ತಿ ಕೆಲಸ ನಡೆಯುತ್ತಿದ್ದಾಗಲೇ.

ಸಹಿಗೆ ಮೊದಲು ನಿಮ್ಮದೇ ಇಂಜಿನಿಯರ್‌ನ ಕರೆಸಿ. ಅವರ ಇಂಜಿನಿಯರ್‌ನ ಮುಂದೆಯೇ ಪ್ರತಿ ಕೋಣೆಯ ಫೋಟೋ ತೆಗೆದು, ಬಿರುಕಿನ ಪಕ್ಕ ಸ್ಕೇಲ್ ಹಿಡಿದು, ಇಬ್ಬರೂ ಸಹಿ ಮಾಡಿ. ಹಳೇ ಬಿರುಕುಗಳ ಮೇಲೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿ ಅಂಟಿಸಿ ತಾರೀಕು ಬರೆಯಿರಿ. ಗೋಡೆ ಸರಿದರೆ ಗಾಜು ಒಡೆಯುತ್ತದೆ. ಆಗ ‘ಮೊದಲೇ ಇತ್ತಲ್ವಾ’ ಅನ್ನುವ ಮಾತೇ ಬರುವುದಿಲ್ಲ.

ಕೊನೆಗೆ, ಅವರು ನಿಮ್ಮ ಮನೆಗೂ ಪುಕ್ಕಟೆ ಪೇಂಟ್ ಹೊಡೆಸಿಕೊಡುತ್ತೇವೆ ಅಂದಿದ್ದಾರೆ ಅಂತ ಬರೆದಿದ್ದೀರಿ. ಬೇಡ ಅನ್ನಿ. ಆ ದುಡ್ಡಲ್ಲಿ ಅವರ ಕಡೆಯ ಗೋಡೆಗೆ ಗಾರೆ ಹಾಕಿಸಲಿ, ಅದೂ ಮೇ ತಿಂಗಳಿಗೆ ಮೊದಲು.