ಫ್ರೆಂಚ್ ವ್ಯಾಕರಣ ಕಲಿಯಲು ಇಂಗ್ಲಿಷಿನಲ್ಲಿ ವಿವರಿಸುವ ಪುಸ್ತಕ ಕೊಳ್ಳಲೋ, ಪೂರ್ತಿ ಫ್ರೆಂಚಿನಲ್ಲೇ ಇರುವುದನ್ನೋ?

ಇದೇ ಗೊಂದಲದಲ್ಲಿ ನಾನೂ ವಾರಗಟ್ಟಲೆ ಕಳೆದೆ. ಕೊನೆಗೆ ಫ್ರೆಂಚಿನಲ್ಲೇ ಇದ್ದುದನ್ನು ಕೊಂಡೆ. ಪುಸ್ತಕ ಚೆನ್ನಾಗಿಯೇ ಇತ್ತು: ಎಡಪುಟದಲ್ಲಿ ನಿಯಮ, ಬಲಪುಟದಲ್ಲಿ ಅಭ್ಯಾಸ. ಉತ್ತರಗಳು ಮಾತ್ರ ಇರಲಿಲ್ಲ. ಫ್ರೆಂಚ್ ಅಭ್ಯಾಸ ಪುಸ್ತಕಗಳಲ್ಲಿ ಕೆಲವಕ್ಕೆ 'ಕೊರಿಜೇ' ಎಂಬ ಉತ್ತರಗಳ ಕಿರುಪುಸ್ತಕವನ್ನು ಬೇರೆಯಾಗಿ ಮಾರುತ್ತಾರೆ. ನಿಯಮ ಅರ್ಥವಾದರೆ ಸಾಕಲ್ಲವೇ ಎಂದು ನಾನು ಅದನ್ನು ಕೊಳ್ಳಲಿಲ್ಲ.

ಆ ಒಂದು ಉಳಿತಾಯಕ್ಕೆ ನಾನು ತೆತ್ತದ್ದು ಒಂದು ವರ್ಷ. ಫ್ರೆಂಚಿನ ದಿನಬಳಕೆಯ ಭೂತಕಾಲದಲ್ಲಿ ಹೆಚ್ಚಿನ ಕ್ರಿಯಾಪದಗಳು 'ಅವ್ವಾರ್' (ಇಂಗ್ಲಿಷಿನ 'ಹ್ಯಾವ್') ಎಂಬ ಸಹಾಯಕ ಕ್ರಿಯಾಪದದ ಜೊತೆ ಬರುತ್ತವೆ. ಹೋಗು, ಬರು, ಹುಟ್ಟು, ಸಾಯು, ಬೀಳು ಮುಂತಾದ ಕೆಲವು 'ಎತ್ರ್' (ಇಂಗ್ಲಿಷಿನ 'ಬಿ', ಅಂದರೆ ಇರು) ಜೊತೆ. ಕನ್ನಡದಲ್ಲಿ 'ತಿಂದಿದ್ದೇನೆ', 'ಹೋಗಿದ್ದೇನೆ' ಎರಡರಲ್ಲೂ ಇರುವುದು 'ಇದ್ದೇನೆ'. ಇಂಗ್ಲಿಷಿನಲ್ಲೂ ಎರಡಕ್ಕೂ ಸಹಾಯಕ್ಕೆ ಬರುವುದು 'ಹ್ಯಾವ್' ಒಂದೇ. ಹಾಗಾಗಿ 'ನಾನು ಹೋದೆ' ಎನ್ನಲು 'ಎತ್ರ್' ಬಳಸಿ 'ಜ ಸ್ವಿ ಅಲೇ' ಎಂದು ಬರೆಯಬೇಕಾದ ಕಡೆ 'ಅವ್ವಾರ್' ಬಳಸಿ 'ಜೇ ಅಲೇ' ಎಂದು ಬರೆದಾಗ ನನಗೆ ಏನೂ ಕಸಿವಿಸಿಯಾಗಲಿಲ್ಲ. ನಿಯಮ ಓದಿದ್ದೆ, ಒಪ್ಪಿಸಲೂ ಬರುತ್ತಿತ್ತು. ಬರೆಯುವಾಗ ಕೈ ಮಾತ್ರ ಹಳೆಯ ಜಾಡನ್ನೇ ಹಿಡಿಯುತ್ತಿತ್ತು. ಇನ್ನೊಂದು ತೊಡಕು: ಹೋದವಳು ಹೆಂಗಸಾದರೆ 'ಅಲೇ' ಕೊನೆಗೆ ಒಂದು 'ಇ' ಅಕ್ಷರ ಸೇರಬೇಕು, ಉಚ್ಚಾರದಲ್ಲಿ ಅದು ಕೇಳಿಸುವುದೇ ಇಲ್ಲ. ಕಿವಿಯಿಂದ ತಿದ್ದಿಕೊಳ್ಳುವ ದಾರಿಯೂ ಇಲ್ಲ.

ಆರು ತಿಂಗಳ ನಂತರ ಶಿಕ್ಷಕಿಯೊಬ್ಬರು ನನ್ನ ನೋಟ್‌ಬುಕ್ ತೆರೆದರು. ಒಂದು ಪುಟದ ಹತ್ತು ವಾಕ್ಯಗಳಲ್ಲಿ ಏಳರ ಕೆಳಗೆ ಕೆಂಪು ಗೆರೆ ಬಿತ್ತು. ದಿನವೂ ತಪ್ಪದೆ ಬರೆದಿದ್ದೆನಲ್ಲ, ಆ ಶಿಸ್ತೇ ತಪ್ಪನ್ನು ಗಟ್ಟಿ ಮಾಡಿತ್ತು. ಮರೆಯಲು ಇನ್ನೂ ಆರು ತಿಂಗಳು ಹಿಡಿಯಿತು. ಅವಸರದಲ್ಲಿ ಮಾತನಾಡುವಾಗ ಈಗಲೂ 'ಜೇ' ಎಂಬುದೇ ನಾಲಿಗೆಯ ತುದಿಗೆ ಮೊದಲು ಬರುತ್ತದೆ.

ಆದ್ದರಿಂದ ಇಂಗ್ಲಿಷೋ ಫ್ರೆಂಚೋ ಎಂಬ ಪ್ರಶ್ನೆಯನ್ನೇ ಬಿಡಿ. ಮೊದಲು ಪುಸ್ತಕದ ಕೊನೆಯ ಪುಟಗಳನ್ನು ತೆರೆಯಿರಿ. ಉತ್ತರಗಳಿಲ್ಲದಿದ್ದರೆ, ಬೇರೆಯಾಗಿಯೂ ಸಿಗದಿದ್ದರೆ, ಎಷ್ಟೇ ಹೆಸರಾಂತ ಪುಸ್ತಕವಾದರೂ ಬೇಡ. ಮುಖಪುಟದಲ್ಲಿ ಎ1, ಅಂದರೆ ಆರಂಭಿಕರ ಹಂತ, ಎಂದಿರಲಿ. ವ್ಯಾಕರಣಕಾರ ಗ್ರೆವಿಸ್ 1936ರಲ್ಲಿ ಹೊರತಂದ 'ಲ ಬೋನ್ ಯುಜಾಜ್'ನಂಥ ಫ್ರೆಂಚ್ ವ್ಯಾಕರಣದ ಹೆಬ್ಬೊತ್ತಿಗೆ ಆಗಲೇ ಫ್ರೆಂಚ್ ಬರೆಯಬಲ್ಲವರಿಗೆ. ಕತೆ ಕಾದಂಬರಿಗಳಲ್ಲಷ್ಟೇ ಹೆಚ್ಚಾಗಿ ಕಾಣುವ 'ಪಾಸೇ ಸ್ಯಾಂಪ್ಲ್' ಎಂಬ ಇನ್ನೊಂದು ಭೂತಕಾಲ ಮೊದಲ ಅಧ್ಯಾಯಗಳಲ್ಲೇ ಬಂದರೆ ಅದನ್ನೂ ಕೆಳಗಿಡಿ. ಎರಡೆರಡು ಪುಸ್ತಕ ಕೊಳ್ಳಬೇಡಿ.

ಇನ್ನು ಉತ್ತರ ನೋಡಿದ ಮೇಲೆ ತಪ್ಪಿದ ಜಾಗದಲ್ಲಿ ಒಂದು ಪದ ತಿದ್ದಿ ಮುಂದೆ ಹೋಗಬೇಡಿ. ಆ ವಾಕ್ಯವನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಬರೆಯಿರಿ.