ಬ್ಲ್ಯಾಕ್‌ಬೋರ್ಡ್ ಹಸಿರಾಗಿದ್ದರೂ ಬ್ಲ್ಯಾಕ್‌ಬೋರ್ಡೇ

ಪ್ರಶ್ನೆ: ಸರ್, ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಒಂದು ತರಬೇತಿಯಲ್ಲಿ ‘ಐ ಆ್ಯಮ್ ಆ್ಯನ್ ಇಂಗ್ಲಿಷ್ ಟೀಚರ್’ ಅಂದೆ. ದನಿಯ ಒತ್ತು (ಸ್ಟ್ರೆಸ್) ತಪ್ಪಾಗಿ ಅರ್ಥವೇ ಬದಲಾಯಿತು ಅಂದರು. ಎರಡು ಪದ ಸೇರಿದಾಗ ಒತ್ತು ಎಲ್ಲಿ ಬರಬೇಕು? ಇದಕ್ಕೆ ನಿಯಮ ಇದೆಯೇ?
– ಓದುಗರೊಬ್ಬರು, ಹಾವೇರಿ

ಉತ್ತರ: ಇದೆ ಮೇಡಂ. ತರಬೇತಿಯವರು ಹೇಳಿದ್ದೂ ಸರಿ. ಒತ್ತು ‘ಟೀಚರ್’ ಮೇಲೆ ಬಿದ್ದರೆ ನೀವು ಇಂಗ್ಲೆಂಡಿನವರು ಅಂತಾಗುತ್ತದೆ, ಕಲಿಸುವುದು ಗಣಿತವೂ ಇರಬಹುದು. ಒತ್ತು ‘ಇಂಗ್ಲಿಷ್’ ಮೇಲಿದ್ದರೆ ಮಾತ್ರ ಇಂಗ್ಲಿಷ್ ಕಲಿಸುವವರು.

ನಿಮ್ಮ ತರಗತಿಯ ಗೋಡೆಯನ್ನೇ ನೋಡಿ. ಈಗ ಎಷ್ಟೋ ಶಾಲೆಗಳಲ್ಲಿ ಬೋರ್ಡ್ ಹಸಿರು. ಆದರೂ ನಾವು ಬ್ಲ್ಯಾಕ್‌ಬೋರ್ಡ್ ಅಂತಲೇ ಅನ್ನುತ್ತೇವೆ, ಅಲ್ವಾ? ಎರಡು ಪದ ಸೇರಿ ಒಂದು ವಸ್ತುವಿನ ಹೆಸರಾಯಿತು ಅಂದಮೇಲೆ ಒತ್ತು ಮೊದಲ ಪದಕ್ಕೆ. ಸುಮ್ನೆ ಕಪ್ಪಗಿರುವ ಯಾವುದೋ ಹಲಗೆಯಾದರೆ ಒತ್ತು ‘ಬೋರ್ಡ್’ಗೆ. ಇಂಗ್ಲೆಂಡಿನ ತೋಟಗಳಲ್ಲಿ ಬ್ಲ್ಯಾಕ್‌ಬರ್ಡ್ ಎಂಬ ಹಕ್ಕಿ ಇದೆ. ಅದರ ಹೆಣ್ಣು ಕಂದು ಬಣ್ಣದ್ದು. ಹೆಸರಿನ ಒತ್ತು ಮಾತ್ರ ‘ಬ್ಲ್ಯಾಕ್’ ಮೇಲೆಯೇ.

ನಮ್ಮಲ್ಲೂ ಈ ಕೆಲಸ ನಡೆಯುತ್ತದೆ, ಒತ್ತಿನಿಂದ ಅಲ್ಲ, ಅಕ್ಷರ ಬದಲಿಸಿ. ಮಳೆ, ಕಾಲ ಸೇರಿದರೆ ಮಳೆಗಾಲ. ‘ಹಳೆಯ ಕನ್ನಡ ಪುಸ್ತಕ’ ಅಂದರೆ ಹೋದ ವರ್ಷದ ಹರಿದ ಪಠ್ಯಪುಸ್ತಕವೂ ಆದೀತು. ‘ಹಳಗನ್ನಡ ಪುಸ್ತಕ’ ಅಂದರೆ ಪಂಪ, ರನ್ನರ ಕಾಲದ ಭಾಷೆ. ಕ ಹೋಗಿ ಗ ಬಂದದ್ದೇ ಗುರುತು. ಮಕ್ಕಳಿಗೆ ಆದೇಶ ಸಂಧಿ ಹೇಗೂ ಗೊತ್ತಿರುತ್ತದೆ. ಅಲ್ಲಿಂದಲೇ ಪಾಠ ಶುರುಮಾಡಿ, ಬೇಗ ಹಿಡಿಯುತ್ತಾರೆ.

ಒತ್ತು ಅಂದರೆ ಕೂಗುವುದಲ್ಲ. ಆ ಭಾಗದಲ್ಲಿ ದನಿ ತುಸು ಏರುತ್ತದೆ, ಸ್ವರ ಸ್ವಲ್ಪ ಎಳೆಯುತ್ತದೆ, ಮುಂದಿನದು ತಗ್ಗಿನಲ್ಲಿ ಸಾಗುತ್ತದೆ. ಕೆಲವು ಹಳೆಯ ಜೋಡಿಗಳಲ್ಲಿ ಎರಡನೆಯ ಪದ ಸವೆದೇ ಹೋಗಿದೆ. ‘ಕಪ್’ ಮತ್ತು ‘ಬೋರ್ಡ್’ ಸೇರಿ ಇಂಗ್ಲಿಷರ ಬಾಯಲ್ಲಿ ‘ಕಬರ್ಡ್’ ಆಗಿದೆ. ‘ಪೋಸ್ಟ್‌ಮ್ಯಾನ್’ ಎಂಬಲ್ಲಿ ‘ಮ್ಯಾನ್’ ಹೋಗಿ ‘ಮನ್’ ಉಳಿದಿದೆ. ನಾವು ಎರಡನ್ನೂ ಸಮವಾಗಿ ತೂಗಿ ಹೇಳುತ್ತೇವೆ.

ಬರಹದಲ್ಲಿ ನಡುವೆ ಜಾಗ ಇದೆಯೋ ಇಲ್ಲವೋ ಎಂಬುದನ್ನು ನಂಬಬೇಡಿ. ವಾಷಿಂಗ್ ಮೆಷಿನ್, ಕ್ರೆಡಿಟ್ ಕಾರ್ಡ್, ಬಸ್ ಸ್ಟಾಪ್ ಬಿಡಿಯಾಗಿ ಬರೆಯುತ್ತಾರೆ, ಒತ್ತು ಮೊದಲ ಪದಕ್ಕೇ. ‘ವಾಕಿಂಗ್ ಸ್ಟಿಕ್’ ಎಂಬಲ್ಲಿ ‘ವಾಕಿಂಗ್’ಗೆ ಒತ್ತಿದ್ದರೆ ಊರುಗೋಲು. ‘ಸ್ಟಿಕ್’ಗೆ ಕೊಟ್ಟರೆ ಕೋಲೇ ನಡೆದುಕೊಂಡು ಹೊರಟಂತೆ!

ಇನ್ನು ನಿಯಮ ಮೀರುವ ಗುಂಪುಗಳು. ಒಂದು ವಸ್ತು ಯಾವುದರಿಂದ ಆಗಿದೆ ಎಂದು ಹೇಳುವಾಗ ಸಾಮಾನ್ಯವಾಗಿ ಒತ್ತು ಎರಡನೆಯ ಪದಕ್ಕೆ: ಕಾಟನ್ ಶರ್ಟ್, ಸಿಲ್ವರ್ ಸ್ಪೂನ್. ಆ್ಯಪಲ್ ಪೈ ಕೂಡ ಹಾಗೇ. ಆದರೆ ಕೇಕ್ ಮತ್ತು ಜ್ಯೂಸ್ ಇದಕ್ಕೆ ಸೇರುವುದಿಲ್ಲ. ಚಾಕಲೇಟ್ ಕೇಕ್, ಆರೆಂಜ್ ಜ್ಯೂಸ್ ಅನ್ನುವಾಗ ಮೊದಲ ಪದವೇ ಮೇಲು. ಯಾಕೆ ಅಂತ ಕೇಳಿದರೆ, ರೂಢಿ ಅಷ್ಟೇ. ಬೀದಿಗಳ ಹೆಸರಂತೂ ನನಗೆ ತುಂಬ ಇಷ್ಟ. ‘ಸ್ಟ್ರೀಟ್’ ಎಂಬ ಪದಕ್ಕೆ ಒತ್ತು ಸಿಗುವುದಿಲ್ಲ, ‘ರೋಡ್’ಗೆ ಸಿಗುತ್ತದೆ. ಲಂಡನ್ನಿನವರು ಆಕ್ಸ್‌ಫರ್ಡ್ ಸ್ಟ್ರೀಟ್ ಅನ್ನುವಾಗ ದನಿ ‘ಆಕ್ಸ್’ ಮೇಲೆ. ಎಜ್‌ವೇರ್ ರೋಡ್ ಅನ್ನುವಾಗ ‘ರೋಡ್’ ಮೇಲೆ. ಅವರು ಬೆಂಗಳೂರಿಗೆ ಬಂದರೂ ಅಷ್ಟೇ. ಚರ್ಚ್ ಸ್ಟ್ರೀಟಿನಲ್ಲಿ ‘ಚರ್ಚ್’ಗೆ, ಪಕ್ಕದ ಬ್ರಿಗೇಡ್ ರೋಡಿನಲ್ಲಿ ‘ರೋಡ್’ಗೆ ಒತ್ತು.

ನಮ್ಮಲ್ಲಿ ಇಂಗ್ಲಿಷಿನ ವಿ, ಡಬ್ಲ್ಯೂ ಅಕ್ಷರಗಳ ಉಚ್ಚಾರವನ್ನು ತಿದ್ದುವುದಕ್ಕೆ ಜಾಸ್ತಿ ಹೊತ್ತು ಕಳೆಯುತ್ತೇವೆ. ನನ್ನ ಮಟ್ಟಿಗೆ ಒತ್ತು ಅದಕ್ಕಿಂತ ಮುಖ್ಯ. ನಿಮ್ಮ ಮಕ್ಕಳಿಗೆ ಇಂಥ ಜೋಡಿಪದವನ್ನು ಒಂದೇ ಪದವಾಗಿ, ದನಿಯ ಸಮೇತ ಕಲಿಸಿ. ಅನುಮಾನ ಬಂದರೆ ಒಳ್ಳೆಯ ಇಂಗ್ಲಿಷ್ ನಿಘಂಟು ತೆಗೆಯಿರಿ. ಉಚ್ಚಾರಣೆ ಕೊಟ್ಟಿರುವಲ್ಲಿ ಮೇಲ್ಭಾಗಕ್ಕೆ ಒಂದು ಪುಟ್ಟ ಗೀಟು ಇರುತ್ತದೆ. ಅದರ ಮುಂದಿನ ಅಕ್ಷರಕ್ಕೇ ಒತ್ತು.