ಸಿಮೆಂಟ್ ಯಾವುದು, ಕಾಂಕ್ರೀಟ್ ಯಾವುದು?

ಪ್ರಶ್ನೆ: ಸಿಮೆಂಟ್ ರಸ್ತೆ, ಸಿಮೆಂಟ್ ಕಂಬ ಎನ್ನುವವರೇ ಅವನ್ನು ಕಾಂಕ್ರೀಟ್ ಎಂದೂ ಕರೆಯುತ್ತಾರೆ. ಇವೆರಡೂ ಒಂದೇ ವಸ್ತುವೇ? ಬೇರೆಯಾದರೆ, ಗಟ್ಟಿತನ ಬರುವುದು ಸಿಮೆಂಟಿನಿಂದಲೇ ಆಗಿರುವಾಗ ಬರೀ ಸಿಮೆಂಟಿನಿಂದ ಏಕೆ ಕಟ್ಟುವುದಿಲ್ಲ?

ಉತ್ತರ: ಒಂದೇ ಅಲ್ಲ. ಸಿಮೆಂಟ್ ಒಂದು ಪುಡಿ. ಅದು ಮರಳು, ಜಲ್ಲಿ ಮತ್ತು ನೀರಿನೊಡನೆ ಸೇರಿ ಗಟ್ಟಿಯಾದಾಗ ದೊರೆಯುವ ಕೃತಕ ಕಲ್ಲೇ ಕಾಂಕ್ರೀಟ್. ಜಲ್ಲಿಯನ್ನು ಬಿಟ್ಟು ಉಳಿದ ಮೂರನ್ನು ಕಲಸಿದರೆ ಅದು ಗಾರೆ. ನೀವು ಹೇಳಿದ ರಸ್ತೆಯೂ ಕಂಬವೂ ಕಾಂಕ್ರೀಟಿನವು.

ಸುಣ್ಣಕಲ್ಲು ಮತ್ತು ಜೇಡಿಮಣ್ಣನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಟ್ಟಾಗ ಕ್ಲಿಂಕರ್ ಎಂಬ ಗಟ್ಟಿ ಉಂಡೆಗಳು ಉಂಟಾಗುತ್ತವೆ. ಅವುಗಳಿಗೆ ಸ್ವಲ್ಪ ಜಿಪ್ಸಮ್ ಬೆರೆಸಿ ನುಣ್ಣಗೆ ಅರೆದರೆ ಪೋರ್ಟ್‌ಲ್ಯಾಂಡ್ ಸಿಮೆಂಟ್ ಸಿದ್ಧವಾಗುತ್ತದೆ. ಜಿಪ್ಸಮ್ ಇಲ್ಲದಿದ್ದರೆ ನೀರು ಸೋಕಿದ ಕೆಲವೇ ನಿಮಿಷಗಳಲ್ಲಿ ಮಿಶ್ರಣ ಬಿಗಿದುಕೊಂಡು, ಅಚ್ಚಿಗೆ ಸುರಿಯಲೂ ಸಮಯ ಸಿಗುವುದಿಲ್ಲ. ಈ ಹೆಸರಿನ ಸಿಮೆಂಟಿಗೆ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೇಟೆಂಟ್ ಪಡೆದರು. ಕಾಂಕ್ರೀಟ್ ಅದಕ್ಕಿಂತ ಬಹಳ ಹಳೆಯದು: ರೋಮನ್ನರು ಸುಣ್ಣ ಮತ್ತು ಜ್ವಾಲಾಮುಖಿಯ ಬೂದಿಯನ್ನು ಅಂಟಾಗಿ ಬಳಸಿ ಕಟ್ಟಿದ, ರೋಮ್ ನಗರದ ಪ್ರಾಚೀನ ದೇಗುಲವಾದ ಪ್ಯಾಂಥಿಯನ್‌ನ ಗುಮ್ಮಟ, ಸುಮಾರು 43 ಮೀಟರ್ ಅಗಲವಿದ್ದೂ ಒಳಗೆ ಕಬ್ಬಿಣದ ಕಂಬಿಗಳಿಲ್ಲದೆ, ಇಂದಿಗೂ ನಿಂತಿದೆ.

ನಿಮ್ಮ ಎರಡನೆಯ ಪ್ರಶ್ನೆ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಸಿಮೆಂಟ್ ಹೆಚ್ಚಿದಷ್ಟೂ ಬಲ ಹೆಚ್ಚುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಆದರೆ ಅದು ಸರಿಯಲ್ಲ. ನೀರಿನೊಡನೆ ವರ್ತಿಸುವಾಗ ಸಿಮೆಂಟ್ ಶಾಖವನ್ನು ಹೊರಹಾಕುತ್ತದೆ, ಗಟ್ಟಿಯಾಗುತ್ತಾ ಕುಗ್ಗುತ್ತದೆ; ಬರೀ ಸಿಮೆಂಟಿನ ದಪ್ಪ ತೊಲೆಯನ್ನು ಎರಕ ಹೊಯ್ದರೆ ಅದು ಸುಲಭವಾಗಿ ಬಿರುಕು ಬಿಡುತ್ತದೆ. ಜಲ್ಲಿ ಮತ್ತು ಮರಳು ಹಾಗೆ ಕುಗ್ಗುವುದಿಲ್ಲವಾದ್ದರಿಂದ ಸಿಮೆಂಟಿನ ಕುಗ್ಗುವಿಕೆಯನ್ನು ತಡೆದು ಹಿಡಿಯುತ್ತವೆ. ಜಲ್ಲಿಯ ಸಂದುಗಳನ್ನು ಮರಳು ತುಂಬುತ್ತದೆ, ಮರಳಿನ ಸಂದುಗಳನ್ನು ನೀರಿನಲ್ಲಿ ಕಲಸಿದ ಸಿಮೆಂಟ್ ತುಂಬಿ ಎಲ್ಲವನ್ನೂ ಬೆಸೆಯುತ್ತದೆ. ಹೀಗಾಗಿ ಕಾಂಕ್ರೀಟಿನ ಗಾತ್ರದಲ್ಲಿ ಸಾಮಾನ್ಯವಾಗಿ ಮುಕ್ಕಾಲು ಪಾಲಿನವರೆಗೂ ಕಲ್ಲು ಮತ್ತು ಮರಳೇ ಇದ್ದು, ಸಿಮೆಂಟ್ ಶೇಕಡಾ 10ರಿಂದ 15ರಷ್ಟು ಮಾತ್ರ ಇರುತ್ತದೆ.

ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಎಂಬುದೂ ತಪ್ಪು ತಿಳಿವಳಿಕೆ. ಸಿಮೆಂಟ್ ನೀರನ್ನು ತನ್ನೊಳಗೆ ಕಟ್ಟಿಕೊಂಡು ಹೊಸ ಸಂಯುಕ್ತಗಳಾಗಿ ಬದಲಾಗುವುದರಿಂದಲೇ ಗಟ್ಟಿತನ ಬರುತ್ತದೆ. ಆದ್ದರಿಂದಲೇ ಅದು ನೀರಿನಡಿಯಲ್ಲೂ ಗಟ್ಟಿಯಾಗಬಲ್ಲದು. ಎರಕ ಹೊಯ್ದ ಮೇಲೆ ಕನಿಷ್ಠ ಒಂದು ವಾರ ಅದನ್ನು ತೇವವಾಗಿಡುವ ಕ್ಯೂರಿಂಗ್ ಕೆಲಸವನ್ನು ದಯವಿಟ್ಟು ಕಡೆಗಣಿಸಬೇಡಿ, ಏಕೆಂದರೆ ನೀರು ಬೇಗ ಆರಿಹೋದರೆ ಈ ಬದಲಾವಣೆ ಅರ್ಧಕ್ಕೇ ನಿಲ್ಲುತ್ತದೆ. ಕಲಸುವಾಗ ಮಾತ್ರ ಇದಕ್ಕೆ ವಿರುದ್ಧವಾದ ಎಚ್ಚರ ಬೇಕು: ಸುರಿಯಲು ಸಲೀಸಾಗಲೆಂದು ಹೆಚ್ಚುವರಿಯಾಗಿ ಸೇರಿಸಿದ ನೀರು ಮುಂದೆ ಆವಿಯಾಗಿ, ತಾನಿದ್ದ ಜಾಗದಲ್ಲಿ ಸಣ್ಣ ಸಣ್ಣ ರಂಧ್ರಗಳನ್ನು ಉಳಿಸಿ, ಕಾಂಕ್ರೀಟಿನ ಬಲವನ್ನು ಕುಗ್ಗಿಸುತ್ತದೆ.